ಆಪ್ತಸಮಾಲೋಚನೆಯೂ ಪಾಪನಿವೇದನೆಯೂ: ಎರಡು ಪೀಠಗಳ ವಿವೇಕ

ಸುಂಟಿಕೊಪ್ಪದಂತಹ ಊರಿನಲ್ಲಿ ಮನನೊಂದ ವಿಶ್ವಾಸಿಗಳು ಹಲವು ವೇಳೆ ಮೊದಲು ಬಂದು ಕದ ತಟ್ಟುವುದು ಗುರುನಿವಾಸದಲ್ಲಿ. ಕಾಫಿ ತೋಟದ ಲೈನ್ ಮನೆಗಳಲ್ಲಿ ಕುಡಿತ, ಸಾಲ, ಜಗಳಗಳು ಸಂಸಾರಗಳನ್ನು ಹಿಂಡುತ್ತವೆ. 2018ರ ಆಗಸ್ಟ್‌ನ ಭೂಕುಸಿತದಲ್ಲಿ ಮನೆಮಠ ಕಳೆದುಕೊಂಡ ಕೊಡಗಿನ ಕುಟುಂಬಗಳಿಗೆ ಮಳೆಯ ಸದ್ದೇ ಭಯ ಹುಟ್ಟಿಸಬಹುದು. ಮನೋವೈದ್ಯರ ಬಳಿಗೆ ಹೋದರೆ ಹುಚ್ಚರೆಂಬ ಹಣೆಪಟ್ಟಿ ಬೀಳುವುದೆಂಬ ಅಂಜಿಕೆ ಬೇರೆ. ಆದುದರಿಂದ ಆಪ್ತಸಮಾಲೋಚಕರ ಹಿನ್ನೆಲೆ, ಮೌಲ್ಯ ಮತ್ತು ಕಾರ್ಯವಿಧಾನಗಳನ್ನು ಅರಿಯುವುದು ನಮಗೆ ಅಗತ್ಯ. ಪಾಲನಾಸೇವೆಯಲ್ಲಿ ಮನಶ್ಶಾಸ್ತ್ರದ ಅರಿವನ್ನು ಬಳಸಿಕೊಳ್ಳಬೇಕೆಂದು ದ್ವಿತೀಯ ವ್ಯಾಟಿಕನ್ ಮಹಾಸಭೆಯೇ 1965ರಲ್ಲಿ ‘ಗೌದಿಯುಂ ಎತ್ ಸ್ಪೆಸ್’ ದಸ್ತಾವೇಜಿನ 62ನೆಯ ಪರಿಚ್ಛೇದದಲ್ಲಿ ಬೋಧಿಸಿದೆ.

ಮೊದಲು ಹಿನ್ನೆಲೆ. ವ್ಯಕ್ತಿಕೇಂದ್ರಿತ ಸಮಾಲೋಚನೆಯ ಪ್ರವರ್ತಕ ಕಾರ್ಲ್ ರೋಜರ್ಸ್ 1924ರಲ್ಲಿ ನ್ಯೂಯಾರ್ಕಿನ ಒಂದು ಸೆಮಿನರಿಯನ್ನು ಸೇರಿ, ಎರಡು ವರ್ಷಗಳ ಬಳಿಕ ಮನಶ್ಶಾಸ್ತ್ರದ ಕಡೆಗೆ ಹೊರಳಿದವರು. ನಮ್ಮ ನಾಡಿನಲ್ಲಿ ನಿಮ್ಹಾನ್ಸ್‌ನ ಮನೋವೈದ್ಯರಾಗಿದ್ದ ಡಾ. ಸಿ. ಆರ್. ಚಂದ್ರಶೇಖರ್ ಅವರು ಕನ್ನಡದಲ್ಲಿ ಹಲವಾರು ಪುಸ್ತಕಗಳನ್ನು ಬರೆದು, ಬೆಂಗಳೂರಿನ ‘ಸಮಾಧಾನ’ ಕೇಂದ್ರದ ಮೂಲಕ ವೈದ್ಯರಲ್ಲದವರಿಗೂ ಸಮಾಲೋಚನೆಯ ತರಬೇತಿ ನೀಡಿದರು. ಶಿಸ್ತಿನಿಂದ ಆಲಿಸುವುದನ್ನು ಸಾಮಾನ್ಯರೂ ಕಲಿಯಬಹುದು, ಆದರೆ ಕಲಿಯಲೇಬೇಕು. ಗುರುದೀಕ್ಷೆಯೊಂದೇ ಆ ವಿದ್ಯೆಯನ್ನು ಕೊಡುವುದಿಲ್ಲ.

ಇನ್ನು ಮೌಲ್ಯಗಳು. ಸಮಾಲೋಚಕರು ತೀರ್ಪು ನೀಡುವುದಿಲ್ಲ, ಬಂದವರ ನಿರ್ಧಾರವನ್ನು ತಾವು ಕೈಗೊಳ್ಳುವುದಿಲ್ಲ. ಬಾರ್ತಿಮಾಯನ ಕುರುಡು ಎಲ್ಲರಿಗೂ ಕಾಣುತ್ತಿದ್ದರೂ ಅವನಿಗೆ ಬೇಕಾದುದೇನೆಂದು ಪ್ರಭು ಯೇಸು ಅವನನ್ನೇ ಕೇಳಿದರು (ಮಾರ್ಕ 10). ಉತ್ತರ ತಿಳಿದಿದೆಯೆಂಬ ಭಾವನೆ ನಮ್ಮಲ್ಲಿ ಎಷ್ಟೇ ಬಲವಾಗಿದ್ದರೂ ಕೇಳುವ ಆ ವಿನಯ ಇರಬೇಕು.

ಮತ್ತೊಂದು ಮೌಲ್ಯ ಗೌಪ್ಯತೆ. ಎರಡು ಪೀಠಗಳ ನಡುವಣ ವ್ಯತ್ಯಾಸ ಸ್ಪಷ್ಟವಾಗುವುದು ಇಲ್ಲಿಯೇ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 23ನೆಯ ಕಲಮು ರೋಗಿಯ ಗೌಪ್ಯತೆಯನ್ನು ಕಾಯುತ್ತದೆ. ಆದರೆ ಪ್ರಾಣಾಪಾಯವನ್ನು ತಡೆಯಲು ಅಗತ್ಯವಾದಷ್ಟನ್ನು ತಿಳಿಸಲು ಎಡೆಗೊಡುತ್ತದೆ. ಪಾಪನಿವೇದನೆಯ ಮುದ್ರೆಗೆ ಅಂತಹ ಯಾವ ವಿನಾಯಿತಿಯೂ ಇಲ್ಲ. ಧರ್ಮಸಭೆಯ ಕಾನೂನು ಸಂಹಿತೆಯ 983ನೆಯ ವಿಧಿ ಅದನ್ನು ಅಭೇದ್ಯವೆನ್ನುತ್ತದೆ. ಹೀಗಿರಲು, ಸಾಯುವ ಯೋಚನೆಯನ್ನು ಯಾರಾದರೂ ಪಾಪನಿವೇದನೆಯಲ್ಲಿ ಮಾತ್ರ ಹೇಳಿದರೆ ಗುರುವು ಅವರ ಮನೆಯವರಿಗೂ ವೈದ್ಯರಿಗೂ ತಿಳಿಸುವಂತಿಲ್ಲ. ಅವರು ಮಾಡಬಹುದಾದುದು ಇಷ್ಟು: ಆ ಮಾತನ್ನು ಸಂಸ್ಕಾರದ ಹೊರಗೆ ತನ್ನೊಡನೆಯೋ ಬೇರೊಬ್ಬರೊಡನೆಯೋ ಮತ್ತೊಮ್ಮೆ ಆಡುವಂತೆ ಅಲ್ಲಿಯೇ, ಆಗಲೇ ಪ್ರೀತಿಯಿಂದ ಕೇಳಿಕೊಳ್ಳುವುದು. ಒಂದು ಜೀವದ ಉಳಿವು ಈ ವಿವೇಕವನ್ನು ಅವಲಂಬಿಸಿರಬಹುದು.

ಪಾತ್ರಗಳು ಬೆರೆತರೆ ತೊಡಕೆಂಬುದು ಧರ್ಮಸಭೆಗೆ ಹೊಸತಲ್ಲ. ಗುರುಮಠದ ಮುಖ್ಯಸ್ಥರು ಅಲ್ಲಿ ವಾಸಿಸುವ ವಿದ್ಯಾರ್ಥಿಗಳ ಪಾಪನಿವೇದನೆಯನ್ನು, ವಿದ್ಯಾರ್ಥಿಗಳೇ ತಾವಾಗಿ ಕೋರಿದ ವಿಶೇಷ ಸಂದರ್ಭದ ಹೊರತು, ಕೇಳಬಾರದೆಂದು 985ನೆಯ ವಿಧಿ ಹೇಳುವುದು ಇದೇ ಕಾರಣಕ್ಕೆ. ಸಣ್ಣ ಊರಿನಲ್ಲಿ ಗುರುವೇ ಶಾಲೆಯ ವ್ಯವಸ್ಥಾಪಕ, ಅವರೇ ವ್ಯಾಜ್ಯ ತೀರಿಸುವ ಹಿರಿಯ, ಅವರೇ ಭಾನುವಾರದ ಪ್ರಬೋಧಕ. ಗುರುವಾರ ತನ್ನ ನೋವನ್ನು ತೋಡಿಕೊಂಡ ಹೆಣ್ಣುಮಗಳು ಭಾನುವಾರದ ಪ್ರಬೋಧನೆಯಲ್ಲಿ ತನ್ನ ಕಥೆಯ ನೆರಳನ್ನು ಕಂಡರೆ ಮತ್ತೆ ಬಾಯಿ ತೆರೆಯಲಾರಳು.

ಆದುದರಿಂದ ಗುರು ಅಭ್ಯರ್ಥಿಗಳು ಮೂರು ಸಂಗತಿಗಳನ್ನು ರೂಢಿಸಿಕೊಳ್ಳಲಿ. ಮಾತು ಆರಂಭವಾಗುವ ಮುನ್ನವೇ ಇದು ಸಂಸ್ಕಾರವೋ ಸಮಾಲೋಚನೆಯೋ ಎಂಬುದನ್ನು ತಿಳಿಯಪಡಿಸುವುದು. ನಿದ್ರೆ, ಊಟ ಬಿಟ್ಟವರನ್ನೂ ಸಾವಿನ ಮಾತಾಡುವವರನ್ನೂ ತಡಮಾಡದೆ ವೈದ್ಯರ ಬಳಿಗೆ ಕಳುಹಿಸುವುದು. 2022ರ ಅಕ್ಟೋಬರ್‌ನಿಂದ ನಡೆಯುತ್ತಿರುವ ಟೆಲಿ-ಮಾನಸ್ ಸಹಾಯವಾಣಿಯ 14416 ಸಂಖ್ಯೆಯನ್ನು ದೇವಾಲಯದ ಫಲಕದಲ್ಲಿ ಬರೆಸುವುದು. ಪ್ರಾರ್ಥನೆಯು ಔಷಧಿಗೆ ಎದುರಾಳಿಯಲ್ಲ. ವೈದ್ಯರ ಬಳಿಗೆ ಹೋಗುವವರ ಜೊತೆಗೆ ಬಸ್‌ ನಿಲ್ದಾಣದವರೆಗೆ ನಡೆದುಹೋಗುವುದೂ ಪಾಲನಾಸೇವೆಯೇ.