ಪ್ರಮಾಣಪತ್ರವುಂಟು, ಅನುಭವವಿಲ್ಲ

ನಮ್ಮ ಮನೆಗಳಲ್ಲಿ ಇಂದು ಹೊಸ ಬಗೆಯ ಚಿಂತೆಯೊಂದು ಬೇರೂರಿದೆ. ಮಗನೋ ಮಗಳೋ ಪದವಿ ಮುಗಿಸಿ, ಬೆಂಗಳೂರಿನಲ್ಲಿ ಬಾಡಿಗೆಯ ಕೋಣೆಯಲ್ಲಿದ್ದುಕೊಂಡು, ಮಾಹಿತಿ ತಂತ್ರಜ್ಞಾನದ ಎರಡು ಮೂರು ಪ್ರಮಾಣಪತ್ರಗಳನ್ನು ಸಂಪಾದಿಸಿರುತ್ತಾರೆ. ಅದರ ಶುಲ್ಕಕ್ಕಾಗಿ ತಂದೆ ಸಹಕಾರಿ ಸಂಘದಲ್ಲಿ ಸಾಲ ಎತ್ತಿರುತ್ತಾನೆ. ಇಲ್ಲವೆ ತಾಯಿಯ ಬಳೆಗಳು ಒತ್ತೆ ಸೇರಿರುತ್ತವೆ. ಸಂದರ್ಶನಕ್ಕೆ ಹೋದರೆ ಎದುರಾಗುವ ಪ್ರಶ್ನೆ ಒಂದೇ: ಅನುಭವ ಎಷ್ಟು ವರ್ಷದ್ದು? ಕೆಲಸ ಸಿಕ್ಕದೆ ಅನುಭವವಿಲ್ಲ, ಅನುಭವವಿಲ್ಲದೆ ಕೆಲಸ ಸಿಕ್ಕದು. ನಮ್ಮ ತರ್ಕಶಾಸ್ತ್ರಜ್ಞರು ಇಂಥದನ್ನು ಅನ್ಯೋನ್ಯಾಶ್ರಯ ದೋಷವೆಂದು ಕರೆದು ಪಕ್ಕಕ್ಕಿಟ್ಟರು. ಮನೆಯವರು ಹಾಗೆ ಪಕ್ಕಕ್ಕಿಡಲಾರರು.

ಈ ಪ್ರಮಾಣಪತ್ರವೆಂದರೇನೆಂಬುದನ್ನು ಪಾಲಕರು ಮೊದಲು ತಿಳಿಯಬೇಕು. ಅದು ವಿಶ್ವವಿದ್ಯಾಲಯದ ಪದವಿಯಲ್ಲ. ಸಿಸ್ಕೋ, ಮೈಕ್ರೋಸಾಫ್ಟ್, ಅಮೆಜಾನ್ ಮೊದಲಾದ ಕಂಪನಿಗಳು ತಾವು ಮಾರುವ ತಂತ್ರಜ್ಞಾನವನ್ನು ಕುರಿತು ನಡೆಸುವ ಪರೀಕ್ಷೆಯ ಫಲ. ಅದಕ್ಕೆ ಆಯುಷ್ಯವೂ ಉಂಟು. ಸಿಸ್ಕೋ ಕಂಪನಿಯ ಸಿ.ಸಿ.ಎನ್.ಎ. ಮತ್ತು ಅಮೆಜಾನಿನ ಕ್ಲೌಡ್ ಪ್ರಮಾಣಪತ್ರಗಳು ಮೂರು ವರ್ಷ ನಡೆಯುತ್ತವೆ. ಮೈಕ್ರೋಸಾಫ್ಟಿನ ಅಸೋಸಿಯೇಟ್ ದರ್ಜೆಯದನ್ನು ವರ್ಷಕ್ಕೊಮ್ಮೆ ನವೀಕರಿಸಬೇಕು, ಅದಕ್ಕೆ ಶುಲ್ಕವಿಲ್ಲ. ಉದ್ಯೋಗ ಹುಡುಕುವ ಸಿದ್ಧತೆಯಿಲ್ಲದೆ ಪಡೆದ ಪತ್ರವು ಕಪಾಟಿನಲ್ಲಿಯೇ ಮುಪ್ಪಾಗುತ್ತದೆ.

ಉದ್ಯೋಗದಾತರು ಈ ಪತ್ರಗಳನ್ನು ಪೂರ್ತಿ ನಂಬದಿರುವುದಕ್ಕೂ ಒಂದು ಇತಿಹಾಸವುಂಟು. 1990ರ ದಶಕದಲ್ಲಿ, ವಿಂಡೋಸ್ ಎನ್.ಟಿ. ಬಳಕೆಗೆ ಬಂದ ಕಾಲದಲ್ಲಿ, ಮೈಕ್ರೋಸಾಫ್ಟಿನ ಎಂ.ಸಿ.ಎಸ್.ಇ. ಎಂಬ ಪ್ರಮಾಣಪತ್ರಕ್ಕೆ ಬಹಳ ಬೆಲೆ ಬಂದಿತು. ಬೆಲೆ ಬಂದೊಡನೆ ಪ್ರಶ್ನೆಗಳನ್ನೂ ಉತ್ತರಗಳನ್ನೂ ಗುಟ್ಟಾಗಿ ಸಂಗ್ರಹಿಸಿ ಮಾರುವವರು ಹುಟ್ಟಿಕೊಂಡರು. ಅವನ್ನು ಬಾಯಿಪಾಠ ಮಾಡಿ ತೇರ್ಗಡೆಯಾದವರು ನಿಜವಾದ ಯಂತ್ರದ ಮುಂದೆ ಕೈಚೆಲ್ಲಿ ಕುಳಿತಾಗ, ಅಮೆರಿಕದಲ್ಲಿ ಅವರಿಗೆ ‘ಕಾಗದದ ಎಂ.ಸಿ.ಎಸ್.ಇ.’ ಎಂಬ ಅಡ್ಡಹೆಸರು ಬಿದ್ದಿತು. ಕೌಮುದಿಯ ಸೂತ್ರಗಳನ್ನೆಲ್ಲ ಒಪ್ಪಿಸಿ, ಎರಡು ವಾಕ್ಯ ಸಂಸ್ಕೃತ ಮಾತನಾಡಲು ತಡವರಿಸುವವರನ್ನು ಪಾಠಶಾಲೆಗಳಲ್ಲಿ ಕಂಡ ನಮಗೆ ಇದು ಆಶ್ಚರ್ಯವೆನಿಸದು. ಎಂ.ಸಿ.ಎಸ್.ಇ. 2021ರ ಜನವರಿಯಲ್ಲಿ ನಿಂತುಹೋಯಿತು. ಆ ಸಂಶಯ ಮಾತ್ರ ಉಳಿದಿದೆ.

ಪರೀಕ್ಷೆಗಳಲ್ಲಿಯೂ ತಾರತಮ್ಯವುಂಟು. ಲಿನಕ್ಸ್ ಕುರಿತು ರೆಡ್ ಹ್ಯಾಟ್ ಕಂಪನಿ ನಡೆಸುವ ಆರ್.ಎಚ್.ಸಿ.ಎಸ್.ಎ. ಪರೀಕ್ಷೆಯಲ್ಲಿ ಉತ್ತರಕ್ಕೆ ಗುರುತು ಹಾಕುವ ಪ್ರಶ್ನೆಗಳಿಲ್ಲ. ಯಂತ್ರದ ಮುಂದೆ ಕುಳಿತು, ಹೇಳಿದ ಕೆಲಸವನ್ನು ಮಾಡಿ ತೋರಿಸಬೇಕು. ಇದಕ್ಕೆ ತೂಕ ಹೆಚ್ಚು. ಭದ್ರತೆಯ ಕ್ಷೇತ್ರದ ಸಿ.ಐ.ಎಸ್.ಎಸ್.ಪಿ. ಎಂಬುದನ್ನು ನೋಡಿರಿ. ಅದರ ಪರೀಕ್ಷೆಯಲ್ಲಿ ತೇರ್ಗಡೆಯಾದರೂ ಐದು ವರ್ಷಗಳ ಸಂಬಳದ ಅನುಭವವನ್ನು ತೋರಿಸದೆ ಪೂರ್ಣ ಪ್ರಮಾಣಪತ್ರ ಕೈಸೇರದು. ಪದವಿಯಿದ್ದರೆ ಒಂದು ವರ್ಷದ ವಿನಾಯಿತಿಯಷ್ಟೆ. ಹೀಗಿರುವಾಗ, ಈಗತಾನೆ ಕಾಲೇಜು ಬಿಟ್ಟ ಹುಡುಗನನ್ನು ಅದರ ತರಬೇತಿಗೆ ಸೇರಿಸಿಕೊಂಡು ಶುಲ್ಕ ವಸೂಲು ಮಾಡುವುದನ್ನು ಏನೆಂದು ಕರೆಯಬೇಕು? ಹಣ ಕಟ್ಟುವ ಮುನ್ನ ಪರೀಕ್ಷೆಯ ಶುಲ್ಕವೆಷ್ಟು, ಕಲಿಸುವ ಶುಲ್ಕವೆಷ್ಟು ಎಂದು ಬೇರೆ ಬೇರೆಯಾಗಿ ಬರೆಸಿಕೊಳ್ಳಿರಿ. ಐ.ಐ.ಟಿ.ಗಳು ಮತ್ತು ಭಾರತೀಯ ವಿಜ್ಞಾನ ಸಂಸ್ಥೆ ಸೇರಿ ನಡೆಸುವ ಎನ್.ಪಿ.ಟಿ.ಇ.ಎಲ್. ಪಾಠಗಳನ್ನು ಮನೆಯಲ್ಲಿಯೇ ಕುಳಿತು ಬಿಟ್ಟಿಯಾಗಿ ಕಲಿಯಬಹುದೆಂಬುದು ಅನೇಕ ಪಾಲಕರಿಗೆ ತಿಳಿದೇ ಇಲ್ಲ.

ಹಾಗಾದರೆ ಕೆಲಸವಿಲ್ಲದವನು ಕೈಪಳಗಿಸಿಕೊಳ್ಳುವುದು ಹೇಗೆ? ಈ ವಿದ್ಯೆಯ ಒಂದು ಭಾಗ್ಯವೆಂದರೆ ಇದರ ಪ್ರಯೋಗಶಾಲೆಯನ್ನು ಮನೆಯ ಮೂಲೆಯಲ್ಲಿಯೇ ಕಟ್ಟಿಕೊಳ್ಳಬಹುದು. ಎಂಟು ಜಿ.ಬಿ. ಸ್ಮರಣಶಕ್ತಿಯ ಹಳೆಯ ಕಂಪ್ಯೂಟರೊಂದು ಸಾಕು. ವರ್ಚುವಲ್ ಬಾಕ್ಸ್ ಎಂಬ ಉಚಿತ ತಂತ್ರಾಂಶದಿಂದ ಆ ಒಂದೇ ಯಂತ್ರದೊಳಗೆ ಎರಡು ಮೂರು ಯಂತ್ರಗಳನ್ನು ಕಲ್ಪಿಸಿ, ಒಂದನ್ನು ಸರ್ವರ್ ಮಾಡಿ, ಮಿಕ್ಕವು ಅದರಿಂದ ವಿಳಾಸ ಪಡೆಯುವಂತೆ ಜೋಡಿಸಬಹುದು. ಸಿಸ್ಕೋ ಉಚಿತವಾಗಿ ಕೊಡುವ ಪ್ಯಾಕೆಟ್ ಟ್ರೇಸರಿನಲ್ಲಿ ಸ್ವಿಚ್ಚು ರೌಟರುಗಳನ್ನು ಪರದೆಯ ಮೇಲೆಯೇ ಜೋಡಿಸಿ ಅಭ್ಯಾಸ ಮಾಡಬಹುದು. ಆದರೆ ಜೋಡಿಸಿದರಷ್ಟೇ ಸಾಲದು, ಕೆಡಿಸಬೇಕು. ಬೇಕೆಂದೇ ಒಂದು ಕಡತವನ್ನು ಅಳಿಸಿ, ಕಾದಿರಿಸಿದ ಪ್ರತಿಯಿಂದ ಮರಳಿ ತರಬೇಕು. ವಿಳಾಸವೊಂದನ್ನು ತಪ್ಪಾಗಿ ಬರೆದು, ಸಂಪರ್ಕ ಎಲ್ಲಿ ಕಡಿಯಿತೆಂದು ಹುಡುಕಬೇಕು. ಏನು ಕೆಟ್ಟಿತು, ಮೊದಲು ಯಾವುದನ್ನು ಶಂಕಿಸಿದೆ, ಕಡೆಗೆ ಕಾರಣ ಯಾವುದಾಗಿತ್ತು, ಎಷ್ಟು ಹೊತ್ತು ಹಿಡಿಯಿತು ಎಂಬುದನ್ನು ದಿನದಿನವೂ ಪುಸ್ತಕದಲ್ಲಿ ಬರೆದಿಡಬೇಕು. ಇಂಥ ಐವತ್ತು ಪುಟ ಬರೆದವನು ಸಂದರ್ಶಕನ ಮುಂದೆ ಕಣ್ಣಿಗೆ ಕಟ್ಟುವಂತೆ ಮಾತನಾಡಬಲ್ಲನು. ಕ್ಲೌಡ್ ಅಭ್ಯಾಸ ಮಾಡುವವರು ಮಾತ್ರ ಎಚ್ಚರದಿಂದಿರಬೇಕು. ಉಚಿತದ ಮಿತಿ ಮೀರಿ, ಆರಿಸದೆ ಬಿಟ್ಟ ಯಂತ್ರಕ್ಕೆ ಬಿಲ್ಲು ಏರುತ್ತಲೇ ಇರುತ್ತದೆ.

ಈ ಅಭ್ಯಾಸವನ್ನು ಅರ್ಜಿಯಲ್ಲಿ ‘ಸ್ವಂತ ಪ್ರಯೋಗ’ವೆಂದೇ ಕಾಣಿಸಬೇಕು, ನೌಕರಿಯೆಂದಲ್ಲ.

ನೌಕರಿಯ ಅನುಭವ ಆರಂಭವಾಗುವ ಸ್ಥಳವನ್ನು ನಮ್ಮ ತರುಣರು ಬಹುಮಟ್ಟಿಗೆ ತಿರಸ್ಕಾರದಿಂದ ನೋಡುತ್ತಾರೆ. ಅದು ಸಹಾಯ ವಿಭಾಗ, ಅಂದರೆ ಹೆಲ್ಪ್ ಡೆಸ್ಕ್. ಮರೆತ ಪಾಸ್‌ವರ್ಡ್ ಬದಲಿಸುವುದು, ಮುದ್ರಣಯಂತ್ರ ಸರಿಪಡಿಸುವುದು, ಫೋನಿನಲ್ಲಿ ಬೈಗುಳ ಕೇಳಿಕೊಂಡೇ ದೂರನ್ನು ದಾಖಲಿಸುವುದು, ರಾತ್ರಿ ಪಾಳಿ ಮಾಡುವುದು. ಎಂಜಿನಿಯರಾಗಿ ಪ್ರಿಂಟರ್ ರಿಪೇರಿಯೇ ಎಂದು ನೆಂಟರು ನಗಬಹುದು. ಆದರೆ ನೂರಾರು ಜನರ ಯಂತ್ರಗಳು ಯಾವ ಯಾವ ಬಗೆಯಲ್ಲಿ ಕೆಡುತ್ತವೆಂಬುದನ್ನು ಕಲಿಯಲು ಇದಕ್ಕಿಂತ ಒಳ್ಳೆಯ ಜಾಗವನ್ನು ನಾವರಿಯೆವು. ಇದು ದೊಡ್ಡ ಕಂಪನಿಯಲ್ಲಿಯೇ ಆಗಬೇಕೆಂದಿಲ್ಲ. ದಾವಣಗೆರೆ, ಹುಬ್ಬಳ್ಳಿ, ಕಲಬುರಗಿಯಂಥ ಊರುಗಳ ಆಸ್ಪತ್ರೆ, ಕಾಲೇಜು, ಸಹಕಾರಿ ಬ್ಯಾಂಕುಗಳಲ್ಲಿಯೂ ಈಗ ಜಾಲವಿದೆ, ಸರ್ವರ್ ಇದೆ. ಅವು ಕೆಡುತ್ತಲೂ ಇರುತ್ತವೆ.

ಸರಕಾರದ ಒಂದು ದಾರಿಯೂ ಉಂಟು. 1961ರ ಅಪ್ರೆಂಟಿಸ್ ಕಾಯ್ದೆಯ ವ್ಯಾಪ್ತಿಗೆ 1973ರ ತಿದ್ದುಪಡಿಯಿಂದ ಎಂಜಿನಿಯರಿಂಗ್ ಪದವೀಧರರೂ ಡಿಪ್ಲೊಮಾದವರೂ, 2014ರ ತಿದ್ದುಪಡಿಯಿಂದ ಇತರ ಪದವೀಧರರೂ ಸೇರಿದರು. ಇವರಿಗಿರುವ ರಾಷ್ಟ್ರೀಯ ಅಪ್ರೆಂಟಿಸ್ ತರಬೇತಿ ಯೋಜನೆಯನ್ನು ದಕ್ಷಿಣದ ರಾಜ್ಯಗಳಿಗಾಗಿ ನೋಡಿಕೊಳ್ಳುವ ಮಂಡಳಿ ಚೆನ್ನೈಯಲ್ಲಿದೆ. ವಿದ್ಯಾರ್ಥಿವೇತನದ ಒಂದು ಪಾಲನ್ನು ಕೇಂದ್ರ ಸರಕಾರ ಭರಿಸುತ್ತದೆ. ಅವಧಿ ಮುಗಿದಾಗ ಸರಕಾರದ ಪ್ರಮಾಣಪತ್ರ ದೊರೆಯುತ್ತದೆ. ನಮ್ಮ ಸಮಾಜದ ವಿದ್ಯಾಸಂಸ್ಥೆಗಳೂ ತಮ್ಮ ಗಣಕ ವಿಭಾಗಗಳಿಗೆ ವರ್ಷಕ್ಕೆ ಇಬ್ಬರು ಮೂವರನ್ನು ಹೀಗೆ ತೆಗೆದುಕೊಂಡರೆ ಎಷ್ಟೋ ಮನೆಗಳಿಗೆ ಉಪಕಾರವಾದೀತು.

ಇನ್ನು ಎಲ್ಲಕ್ಕಿಂತ ಮುಖ್ಯವಾದ ಮಾತು. ಹಣ ಪಡೆದು ಎರಡು ಮೂರು ವರ್ಷಗಳ ಸುಳ್ಳು ಅನುಭವಪತ್ರ, ಸಂಬಳದ ಚೀಟಿಗಳನ್ನು ಮಾಡಿಕೊಡುವ ದಲ್ಲಾಳಿಗಳಿದ್ದಾರೆ. “ಎಲ್ಲರೂ ಮಾಡುತ್ತಾರೆ” ಎಂಬುದು ಅವರ ಮಂತ್ರ. 2014ರಿಂದ ಭವಿಷ್ಯನಿಧಿಯ ಸದಸ್ಯನಿಗೆ ಯು.ಎ.ಎನ್. ಎಂಬ ಒಂದೇ ಸಂಖ್ಯೆ ಇರುತ್ತದೆ. ಯಾವ ಕಂಪನಿಯಲ್ಲಿ ಯಾವ ತಿಂಗಳಿಂದ ಯಾವ ತಿಂಗಳವರೆಗೆ ಇದ್ದನೆಂಬುದು ಅದರಲ್ಲಿ ಕಾಣುತ್ತದೆ. ಕೆಲಸಕ್ಕೆ ಸೇರಿಸಿಕೊಂಡ ಕಂಪನಿ ಹಿನ್ನೆಲೆ ಪರಿಶೀಲಿಸುವಾಗ ಈ ದಾಖಲೆಯನ್ನು ನೋಡುತ್ತದೆ. ಹೇಳಿದ್ದಕ್ಕೂ ಇದಕ್ಕೂ ತಾಳೆಯಾಗದಿದ್ದರೆ ಆರು ತಿಂಗಳ ಬಳಿಕವಾದರೂ ಮನೆಗೆ ಕಳುಹಿಸುತ್ತದೆ. ನಕಲಿ ದಾಖಲೆ ಅಪರಾಧವೂ ಹೌದು. ದಲ್ಲಾಳಿ ಅಷ್ಟರಲ್ಲಿ ಫೋನು ಬದಲಿಸಿರುತ್ತಾನೆ.

ಮಕ್ಕಳನ್ನು ಆ ಬಾಗಿಲಿಗೆ ದೂಡುವುದು ಅನೇಕ ವೇಳೆ ಮನೆಯವರ ಆತುರವೇ. ಸಂಬಂಧದ ಮಾತುಕತೆಯಲ್ಲಿ “ಹುಡುಗ ಸಾಫ್ಟ್‌ವೇರ್” ಎಂದು ಹೇಳಿಕೊಳ್ಳುವ ಹಂಬಲ, ಪಕ್ಕದ ಮನೆಯವನ ಸಂಬಳದೊಡನೆ ಹೋಲಿಕೆ. ಇದರ ಬದಲಾಗಿ ತಂದೆತಾಯಿಗಳು ಮಗನೊಡನೆ ಕುಳಿತು ಒಂದು ವರ್ಷದ ಗಡುವನ್ನು ಒಪ್ಪಿಕೊಳ್ಳಲಿ. ಈ ದೀಪಾವಳಿಯಿಂದ ಮುಂದಿನ ದೀಪಾವಳಿಯವರೆಗೆ ಸಣ್ಣ ಸಂಬಳದ ಕೆಲಸವಾದರೂ ಸರಿ, ಅವನ ಊಟ ಬಾಡಿಗೆಯನ್ನು ಅವನೇ ನೋಡಿಕೊಳ್ಳಲಿ. ಸಾಲದ ಬಡ್ಡಿಯನ್ನು ಆ ವರ್ಷ ಮನೆ ಕಟ್ಟಲಿ.