ಹೊಟ್ಟೆ ಮುಟ್ಟಿ ತಿಳಿದವರು

ತುಮಕೂರು ಜಿಲ್ಲೆಯ ಬಡವನಹಳ್ಳಿ ಸುತ್ತಮುತ್ತ ಎಪ್ಪತ್ತು ದಾಟಿದ ಹಿರಿಯರನ್ನು ಎಲ್ಲಿ ಹುಟ್ಟಿದಿರಿ ಎಂದು ಕೇಳಿ ನೋಡಿ. ಆಸ್ಪತ್ರೆಯ ಹೆಸರು ಹೇಳುವವರು ಕಡಿಮೆ. ಕತ್ತಲೆ ಕೋಣೆ, ಹಂಡೆ ತುಂಬ ಬಿಸಿನೀರು, ಕರೆದ ಕೂಡಲೇ ಎದ್ದು ಬಂದ ಸೂಲಗಿತ್ತಿ. ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡದ ಬಯಲುಸೀಮೆಯಲ್ಲಿ ಹೆರಿಗೆಯೆಂದರೆ ಇಷ್ಟೇ ಆಗಿತ್ತು. ಪ್ರಸೂತಿಶಾಸ್ತ್ರದಲ್ಲಿ ಮಹಿಳೆಯರು ಮುಂದೆ ಬಂದ ಕಥೆ ಹೇಳುವವರು ಈ ಕೋಣೆಯಿಂದಲೇ ಶುರು ಮಾಡಬೇಕು ಎಂದು ನನಗೆ ಬಲವಾಗಿ ಅನಿಸುತ್ತದೆ.

ಪಾವಗಡ ತಾಲ್ಲೂಕಿನ ಕೃಷ್ಣಾಪುರದ ನರಸಮ್ಮ 1920ರಲ್ಲಿ ಹುಟ್ಟಿದವರು. ಓದು ಬರಹ ಕಲಿಯಲಿಲ್ಲ. 12ನೇ ವಯಸ್ಸಿಗೆ ಮದುವೆ. ಹೆತ್ತ 12 ಮಕ್ಕಳಲ್ಲಿ ನಾಲ್ಕು ಚಿಕ್ಕಂದಿನಲ್ಲೇ ತೀರಿಕೊಂಡವು. ಸೂಲಗಿತ್ತಿತನ ಕಲಿಸಿದ್ದು ಅಜ್ಜಿ ಮರಿಗೆಮ್ಮ. ಊರಿಗೆ ಬರುತ್ತಿದ್ದ ಅಲೆಮಾರಿಗಳಿಂದ ಬಸುರಿಯರಿಗೆ ಕೊಡುವ ನಾರುಬೇರಿನ ಔಷಧಗಳನ್ನು ತಿಳಿದುಕೊಂಡರು. 1940ರಲ್ಲಿ ನೆಂಟರ ಮನೆಯ ಹೆರಿಗೆಗೆ ಮೊದಲು ಕೈಹಾಕಿದ ನರಸಮ್ಮ ಆಮೇಲೆ ಸುಮಾರು 70 ವರ್ಷ ಮಾಡಿಸಿದ ಹೆರಿಗೆಗಳು 15,000ಕ್ಕೂ ಹೆಚ್ಚು. ದಿನ ಬಿಟ್ಟು ದಿನ ಒಂದು ಮಗು ಅಂದರೂ ಈ ಲೆಕ್ಕ ಮುಟ್ಟುವುದಿಲ್ಲ. ಅದೂ ಕೂಲಿಗೆ ಹೋಗಿ ಬದುಕುತ್ತಿದ್ದ ಸಂಸಾರದ ಹೆಂಗಸು, ಒಂದು ರೂಪಾಯಿ ಕೇಳದೆ.

ಹೊಟ್ಟೆಯ ಮೇಲೆ ಕೈಯಿಟ್ಟರೆ ಮಗುವಿನ ತಲೆ ಎಲ್ಲಿದೆ, ಮಗು ಹೇಗಿದೆ ಎಂದು ನರಸಮ್ಮ ಹೇಳುತ್ತಿದ್ದರು. ವೈದ್ಯಕೀಯ ಕಾಲೇಜಿನ ವಿದ್ಯಾರ್ಥಿಗಳೂ ಇದನ್ನು ಕಲಿಯುತ್ತಾರೆ. ಮೊದಲು ಹೊಟ್ಟೆಯ ಮೇಲ್ಭಾಗ, ಆಮೇಲೆ ಎರಡು ಮಗ್ಗುಲು, ಕೊನೆಗೆ ಕಿಬ್ಬೊಟ್ಟೆ, ಹೀಗೆ ನಾಲ್ಕು ಹಂತಗಳಲ್ಲಿ ಕೈಯಾಡಿಸಿ ಮಗು ಮಲಗಿರುವ ರೀತಿ ಕಂಡುಹಿಡಿಯುವ ಈ ಪರೀಕ್ಷೆಗೆ ಪಠ್ಯಪುಸ್ತಕದಲ್ಲಿ ಜರ್ಮನಿಯ ವೈದ್ಯ ಲಿಯೋಪೋಲ್ಡ್ ಹೆಸರಿದೆ. ಆತ 19ನೇ ಶತಮಾನದವನು. ಕ್ರಮವಾಗಿ ಬರೆದಿಟ್ಟದ್ದು ಆತನ ಹಿರಿಮೆ, ಒಪ್ಪೋಣ. ಮರಿಗೆಮ್ಮ ಮೊಮ್ಮಗಳ ಕೈಗೆ ದಾಟಿಸಿದ್ದೂ ವಿದ್ಯೆಯೇ.

ಯುರೋಪಿನಲ್ಲಿ ಗಂಡಸರು ಹೆರಿಗೆಯ ಕೋಣೆಯೊಳಗೆ ಬಂದದ್ದು ಮಗುವನ್ನು ಹೊರಗೆಳೆಯುವ ಇಕ್ಕುಳ ಹಿಡಿದು. ಚೇಂಬರ್ಲೆನ್ ಮನೆತನದ ವೈದ್ಯರು ಆ ಇಕ್ಕುಳವನ್ನು ನೂರು ವರ್ಷಕ್ಕೂ ಹೆಚ್ಚು ಕಾಲ ಗುಟ್ಟಾಗಿಟ್ಟಿದ್ದರು. ನಮ್ಮಲ್ಲಿ ದಾರಿ ಬೇರೆ. ಪರಪುರುಷರು ಮುಟ್ಟಬಾರದೆಂಬ ಕಟ್ಟುಪಾಡಿನಿಂದಲೇ ಹೆಣ್ಣು ವೈದ್ಯರು ಬೇಕಾದರು. 1885ರಲ್ಲಿ ಹೆಂಗಸರಿಗೆ ವೈದ್ಯಕೀಯ ನೆರವು ಕೊಡುವ ಡಫರಿನ್ ನಿಧಿ ಹುಟ್ಟಿತು, 1886ರಲ್ಲಿ ಆನಂದಿಬಾಯಿ ಜೋಶಿ ಫಿಲಡೆಲ್ಫಿಯಾದಲ್ಲಿ ವೈದ್ಯೆಯಾದರು, 1935ರಲ್ಲಿ ಹೆಂಗಸರು, ಮಕ್ಕಳಿಗಾಗಿ ಬೆಂಗಳೂರಿನ ವಾಣಿವಿಲಾಸ ಆಸ್ಪತ್ರೆ ಬಂತು.

2005ರ ಜನನಿ ಸುರಕ್ಷಾ ಯೋಜನೆ ಹೆರಿಗೆಗಳನ್ನು ಆಸ್ಪತ್ರೆಗೆ ಕರೆತಂದಿತು. ಅದು ಆಗಲೇಬೇಕಿತ್ತು. ರಕ್ತ ನಿಲ್ಲದೆ ಹರಿಯುವಾಗ, ನಂಜು ಏರಿ ಫಿಟ್ಸ್ ಬರುವಾಗ ಎಂಥ ಪಳಗಿದ ಕೈಯೂ ಸಾಲದು. ರಕ್ತ ಬೇಕು, ಶಸ್ತ್ರಚಿಕಿತ್ಸೆ ಬೇಕು. ನನ್ನ ಸಂಕಟ ಬೇರೆ. ಬಸುರಿಯರನ್ನು ಆಸ್ಪತ್ರೆಗೆ ಕರೆದ ನಾವು ಸೂಲಗಿತ್ತಿಯನ್ನು ಬಾಗಿಲಾಚೆಯೇ ನಿಲ್ಲಿಸಿದೆವು. ರಾತ್ರಿಯಿಡೀ ಬೆನ್ನು ನೀವುತ್ತ ಧೈರ್ಯ ಹೇಳುತ್ತಿದ್ದವಳು ಅವಳು.

ತುಮಕೂರು ವಿಶ್ವವಿದ್ಯಾಲಯ 2014ರಲ್ಲಿ ನರಸಮ್ಮನವರಿಗೆ ಗೌರವ ಡಾಕ್ಟರೇಟ್ ಕೊಟ್ಟಿತು. 2018ರಲ್ಲಿ ಪದ್ಮಶ್ರೀ ಬಂತು. ಅದೇ ವರ್ಷದ ಡಿಸೆಂಬರ್‌ನಲ್ಲಿ ಕೇಂದ್ರ ಸರ್ಕಾರ ಸೂಲಗಿತ್ತಿ ಸೇವೆಗೆ ಮಾರ್ಗಸೂಚಿ ಹೊರಡಿಸಿ, ನರ್ಸಿಂಗ್ ಓದಿದವರಿಗೆ 18 ತಿಂಗಳ ವಿಶೇಷ ತರಬೇತಿ ಕೊಟ್ಟು ಸಹಜ ಹೆರಿಗೆಯ ಹೊಣೆ ವಹಿಸಲು ತೀರ್ಮಾನಿಸಿತು. ಆ ತಿಂಗಳ 25ರಂದು ನರಸಮ್ಮ ಬೆಂಗಳೂರಿನಲ್ಲಿ ತೀರಿಕೊಂಡರು. 98 ವರ್ಷವಾಗಿತ್ತು.

ಪಾವಗಡ, ಮಧುಗಿರಿ ಕಡೆಯ ನರ್ಸ್ ಹುಡುಗಿಯರು ಆ ತರಬೇತಿಗೆ ಹೋಗಬೇಕು. ಹೊಟ್ಟೆ ಮುಟ್ಟಿ ತಲೆ ಹುಡುಕುವುದನ್ನು ಹೇಳಿಕೊಡುವ ದಿನ, ಲಿಯೋಪೋಲ್ಡ್ ಜೊತೆಗೆ ಮರಿಗೆಮ್ಮನ ಹೆಸರೂ ಅವರ ಕಿವಿಗೆ ಬೀಳಲಿ.