ಎರಡು ಜೀವಕ್ಕೆ ಒಂದು ಪಟ್ಟಿ

ನಮ್ಮ ಮನೆತನಗಳಲ್ಲಿ ಬಸುರಿ ಹೆಣ್ಣುಮಗಳನ್ನು ಜೋಪಾನ ಮಾಡುವ ರೀತಿಗೆ ಕೊರತೆಯಿಲ್ಲ. ಬಯಕೆಯ ಅಡುಗೆ, ಹಸಿರು ಸೀರೆಯ ಕುಬುಸ, ಚೊಚ್ಚಲ ಹೆರಿಗೆಗೆ ತವರಿನ ಆಸರೆ, ಭಾರ ಎತ್ತಬೇಡವೆಂಬ ಹಿರಿಯರ ಎಚ್ಚರಿಕೆ, ಇವೆಲ್ಲ ತಲೆಮಾರುಗಳಿಂದ ನಡೆದುಬಂದಿವೆ. ಆದರೆ ಅದೇ ಬಸುರಿಯನ್ನು ಕಾರಿನಲ್ಲಿ ಕೂರಿಸಿ ಕಳಿಸುವಾಗ ಸೀಟ್ ಬೆಲ್ಟ್ ಹಾಕಿಕೊಂಡಳೇ ಎಂದು ಕೇಳುವ ರೂಢಿ ನಮ್ಮಲ್ಲಿ ಇನ್ನೂ ಬೇರೂರಿಲ್ಲ. ಕೇಳುವುದಿರಲಿ, ‘ಹೊಟ್ಟೆಗೆ ಒತ್ತುತ್ತದೆ, ಕೂಸಿಗೆ ತೊಂದರೆಯಾದೀತು, ಬಿಚ್ಚಿಬಿಡವ್ವ’ ಎನ್ನುವವರೂ ಉಂಟು. ಪ್ರೀತಿಯಿಂದಲೇ ಹುಟ್ಟಿದ ಈ ಮಾತು ಎಷ್ಟು ಸರಿ ಎಂಬುದನ್ನು ನಾವು ಇಲ್ಲಿ ಪರಿಶೀಲಿಸೋಣ.

ನಮ್ಮ ದಾರಿಗಳು

ದಾಂಡೇಲಿ, ಹಳಿಯಾಳ, ಜೋಯಿಡಾ, ಮುಂಡಗೋಡ ತಾಲೂಕುಗಳ ಬಸುರಿಯರಿಗೆ ಪ್ರಯಾಣ ತಪ್ಪಿದ್ದಲ್ಲ. ದೊಡ್ಡ ಆಸ್ಪತ್ರೆ ಬೇಕೆಂದರೆ ದಾಂಡೇಲಿ, ಹಳಿಯಾಳದವರು ಧಾರವಾಡದ ದಾರಿ ಹಿಡಿಯಬೇಕು. ಮುಂಡಗೋಡದವರು ಹುಬ್ಬಳ್ಳಿಯ ದಾರಿ. ಜೋಯಿಡಾದ ಒಳ ಊರುಗಳವರಿಗಂತೂ ಮೊದಲು ಕಾಡಿನ ತಿರುವುಗಳನ್ನು ದಾಟಿ ಬರುವುದೇ ಒಂದು ಸಾಹಸ. ಭಾರತ ಹುಣ್ಣಿಮೆಯ ಸುಮಾರಿಗೆ ಉಳವಿಯ ಚನ್ನಬಸವಣ್ಣನವರ ಜಾತ್ರೆಗೆ ಹೊರಟ ಚಕ್ಕಡಿಗಳೂ ಕಾರುಗಳೂ ಒಂದೇ ರಸ್ತೆಯಲ್ಲಿ ಸಾಗುತ್ತವೆ. ಕಬ್ಬಿನ ಹಂಗಾಮಿನಲ್ಲಿ ಹಳಿಯಾಳದ ಸುತ್ತ ಹಿಂದೀಪವಿಲ್ಲದ ಟ್ರ್ಯಾಕ್ಟರ್ ಟ್ರೇಲರುಗಳು ಕತ್ತಲಲ್ಲಿ ಎದುರಾಗುವುದುಂಟು. ಕಾಳಿ ಹುಲಿ ಸಂರಕ್ಷಿತ ಪ್ರದೇಶದ ಅಂಚಿನಲ್ಲಿ ಕಾಡುಕೋಣವೋ ಜಿಂಕೆಯೋ ರಸ್ತೆಗೆ ನೆಗೆದರೆ ಬ್ರೇಕು ಒತ್ತಲು ಸಿಗುವುದು ಒಂದೆರಡು ಕ್ಷಣ ಮಾತ್ರ. 2021ರ ಜನವರಿ 11ರಂದು ಯಲ್ಲಾಪುರದಿಂದ ಗೋಕರ್ಣದತ್ತ ಹೊರಟಿದ್ದ ಕೇಂದ್ರ ಸಚಿವ ಶ್ರೀಪಾದ ನಾಯಕ ಅವರ ಕಾರು ಅಂಕೋಲಾ ತಾಲೂಕಿನಲ್ಲಿ ಅಪಘಾತಕ್ಕೀಡಾಗಿ, ಅವರ ಪತ್ನಿ ಹಾಗೂ ಸಹಾಯಕರು ಅಸುನೀಗಿದುದನ್ನು ಈ ಜಿಲ್ಲೆ ಮರೆತಿಲ್ಲ. ರಸ್ತೆಯ ಆಪತ್ತು ದೊಡ್ಡವರು ಚಿಕ್ಕವರೆಂದು ನೋಡುವುದಿಲ್ಲ.

ಅಪಾಯ ಎಲ್ಲಿದೆ?

ಗಂಟೆಗೆ 50 ಕಿ.ಮೀ. ವೇಗದ ಕಾರು ಮರಕ್ಕೆ ಗುದ್ದಿದರೆ, ಒಳಗೆ ಬೆಲ್ಟ್ ಇಲ್ಲದೆ ಕುಳಿತವರ ದೇಹ ಅದೇ ವೇಗದಲ್ಲಿ ಮುಂದಕ್ಕೆ ಚಿಮ್ಮುತ್ತದೆ. ಸುಮಾರು 10 ಮೀಟರ್ ಎತ್ತರದಿಂದ, ಅಂದರೆ ಮೂರು ಅಂತಸ್ತಿನ ಮಾಳಿಗೆಯಿಂದ ಬಿದ್ದಷ್ಟೇ ಪೆಟ್ಟು ಅದು. ಬಸುರಿಯಾದರೆ ಆ ಪೆಟ್ಟು ಮೊದಲು ತಗಲುವುದು ಮುಂದಕ್ಕೆ ಬಂದ ಹೊಟ್ಟೆಗೆ.

ಗರ್ಭಕೋಶದ ಗೋಡೆ ಹಿಗ್ಗಿ ಕುಗ್ಗಬಲ್ಲದು. ಅದಕ್ಕೆ ಅಂಟಿಕೊಂಡು ಕೂಸಿಗೆ ಉಸಿರು, ಆಹಾರ ಒದಗಿಸುವ ಮಾಸಿಗೆ ಆ ಗುಣವಿಲ್ಲ. ಜೋರಾದ ಹೊಡೆತಕ್ಕೆ ಗೋಡೆಯ ಆಕಾರ ಬದಲಾದಾಗ ಮಾಸು ಗೋಡೆಯಿಂದ ಕಳಚಿಕೊಳ್ಳುತ್ತದೆ. ತಾಯಿ ಬದುಕುಳಿದರೂ ಕೂಸು ತೀರಿಹೋಗುವ ಪ್ರಸಂಗಗಳಲ್ಲಿ ಮುಖ್ಯ ಕಾರಣ ಇದೇ. ಆದುದರಿಂದ ಕೂಸನ್ನು ಉಳಿಸುವ ಮೊದಲ ದಾರಿ ತಾಯಿಯ ದೇಹ ಚಿಮ್ಮದಂತೆ ಹಿಡಿಯುವುದೇ ಆಗಿದೆ. ಸರಿಯಾಗಿ ಹಾಕಿದ ಬೆಲ್ಟ್ ಆ ಹೊಡೆತವನ್ನು ಮೆದುವಾದ ಹೊಟ್ಟೆಯಿಂದ ತಪ್ಪಿಸಿ ಗಟ್ಟಿಯಾದ ಸೊಂಟದ ಮೂಳೆ, ಎದೆಗೂಡು, ಭುಜಗಳಿಗೆ ಹಂಚುತ್ತದೆ. ಅಪಾಯವಿರುವುದು ಬೆಲ್ಟಿನಲ್ಲಲ್ಲ, ಅದನ್ನು ತಪ್ಪಾಗಿ ಹಾಕುವುದರಲ್ಲಿ ಮತ್ತು ಹಾಕದೆ ಇರುವುದರಲ್ಲಿ.

ಹಾಕುವ ಕ್ರಮ

ಮೂರು ಕಡೆ ಹಿಡಿಯುವ ಇಂದಿನ ಬೆಲ್ಟನ್ನು ರೂಪಿಸಿದವರು ಸ್ವೀಡನ್ನಿನ ನಿಲ್ಸ್ ಬೋಲಿನ್, 1959ರಲ್ಲಿ. ಅದರ ಕೆಳಪಟ್ಟಿ ಹೊಟ್ಟೆಯ ಮೇಲೆ ಎಂದಿಗೂ ಬರಬಾರದು. ಹೊಟ್ಟೆಯ ಕೆಳಗೆ, ತೊಡೆಯ ಬುಡಕ್ಕೆ ಸೇರಿ, ಸೊಂಟದ ಎರಡೂ ಮೂಳೆಗಳ ಮೇಲೆ ಹಾದಿರಬೇಕು. ಮೇಲ್ಪಟ್ಟಿ ಭುಜದ ನಡುವಿನಿಂದ ಇಳಿದು, ಸ್ತನಗಳ ನಡುವೆ ಹಾದು, ಹೊಟ್ಟೆಯ ಪಕ್ಕಕ್ಕೆ ಸರಿಯಬೇಕು. ಕುತ್ತಿಗೆಗೆ ತಾಗಬಾರದು, ಕಂಕುಳ ಕೆಳಗೂ ಬೆನ್ನ ಹಿಂದೂ ಸೇರಬಾರದು. ನಮ್ಮ ಸಹೋದರಿಯರು ಸೀರೆಯ ನೆರಿಗೆ, ಶಾಲುಗಳ ಗಂಟು ಪಟ್ಟಿಯ ಅಡಿಯಲ್ಲಿ ಸಿಕ್ಕಿಕೊಳ್ಳದಂತೆ ಸರಿಪಡಿಸಿಕೊಂಡು, ಸಡಿಲವನ್ನು ಎಳೆದು ಬಿಗಿಮಾಡಬೇಕು. ಬೆನ್ನಿಗೆ ಆನಿಕೊಂಡು ನೇರ ಕೂರುವುದು ಲೇಸು. ಆಸನವನ್ನು ಹಿಂದಕ್ಕೆ ಬಾಗಿಸಿ ಮಲಗಿದರೆ ಪಟ್ಟಿ ಹೊಟ್ಟೆಯ ಮೇಲಕ್ಕೆ ಜಾರುತ್ತದೆ.

ತಾವೇ ಕಾರು ನಡೆಸುವವರು ಸ್ಟೇರಿಂಗಿಗೂ ಎದೆಮೂಳೆಗೂ ನಡುವೆ ಕನಿಷ್ಠ 25 ಸೆಂ.ಮೀ. ಅಂತರವಿರಿಸಿಕೊಳ್ಳಬೇಕು. ಗಾಳಿಚೀಲವಿದೆಯೆಂದು ಬೆಲ್ಟ್ ಬಿಡಬಾರದು; ಅದು ಬೆಲ್ಟಿಗೆ ಜೊತೆಗಾರ ಹೊರತು ಬದಲಿಯಲ್ಲ. ಬಸುರಿಯ ತೊಡೆಯ ಮೇಲೆ ಹಿರಿಯ ಮಗುವನ್ನು ಕೂರಿಸುವ ಪದ್ಧತಿಯನ್ನು ಬಿಡುವುದು ಒಳಿತು. ಗುದ್ದಿದಾಗ ಆ ಮಗುವೇ ತಾಯಿಯ ಹೊಟ್ಟೆಗೆ ಭಾರವಾಗಿ ಅಪ್ಪಳಿಸುತ್ತದೆ, ಮಗುವಿಗೂ ರಕ್ಷಣೆಯಿರುವುದಿಲ್ಲ.

ಹಿಂದಿನ ಆಸನದಲ್ಲಿ ಬೆಲ್ಟ್ ಬೇಡವೆಂಬ ಭಾವನೆಯೂ ಸಲ್ಲದು. 2022ರ ಸೆಪ್ಟೆಂಬರ್ 4ರಂದು ಪಾಲ್ಘರ್ ಬಳಿ ಉದ್ಯಮಿ ಸೈರಸ್ ಮಿಸ್ತ್ರಿ ಮತ್ತು ಜೊತೆಗಿದ್ದ ಒಬ್ಬರು ತೀರಿಕೊಂಡದ್ದು ಹಿಂದಿನ ಆಸನದಲ್ಲಿಯೇ. ಇಬ್ಬರೂ ಬೆಲ್ಟ್ ಧರಿಸಿರಲಿಲ್ಲವೆಂದು ಪೊಲೀಸರು ತಿಳಿಸಿದ್ದರು. ಕೇಂದ್ರ ಮೋಟಾರು ವಾಹನ ನಿಯಮಗಳ 138ನೆಯ ನಿಯಮ ಮುಂದಿನವರಂತೆ, ಮುಂದಕ್ಕೆ ಮುಖಮಾಡಿ ಹಿಂದೆ ಕುಳಿತವರಿಗೂ ಬೆಲ್ಟನ್ನು ಕಡ್ಡಾಯಗೊಳಿಸಿದೆ. 2019ರ ತಿದ್ದುಪಡಿ ಕಾಯಿದೆ ಇದಕ್ಕೆ 1,000 ರೂಪಾಯಿ ದಂಡ ವಿಧಿಸಿದೆ. ಆದರೆ ದಂಡದ ಭಯಕ್ಕಿಂತ ಕರುಳಿನ ಕಾಳಜಿ ದೊಡ್ಡದಲ್ಲವೇ? ಬಾಡಿಗೆ ಕಾರು ಕರೆಸುವಾಗ ಹಿಂದಿನ ಬೆಲ್ಟು ಸೀಟಿನ ಹೊದಿಕೆಯಡಿ ಹುದುಗಿದೆಯೇ ಎಂದು ಮನೆಯವರು ಮೊದಲೇ ನೋಡಿಕೊಳ್ಳಬೇಕು. ಅಡ್ಡ ಬೆಂಚಿನ ಜೀಪಿನಲ್ಲಿ ಬೆಲ್ಟ್ ಇರುವುದೇ ಅಪರೂಪ. ಅಂಥದರಲ್ಲಿ ಹೋಗಲೇಬೇಕಾದರೆ ಬಸುರಿಗೆ ಬೆಲ್ಟ್ ಇರುವ ಮುಂದಿನ ಆಸನವನ್ನು ಬಿಟ್ಟುಕೊಡಬೇಕು.

ಪೆಟ್ಟು ಬಿದ್ದರೆ

ಅಪಘಾತ ಚಿಕ್ಕದಾಗಿದ್ದರೂ, ತಾಯಿಯ ಮೈಮೇಲೆ ಗೀರೂ ಇಲ್ಲದಿದ್ದರೂ, ಬಸುರಿಯನ್ನು ಆಸ್ಪತ್ರೆಗೆ ತೋರಿಸಲೇಬೇಕು. ಮಾಸು ಕಳಚಿದ ಲಕ್ಷಣ ಕೆಲವು ಗಂಟೆಗಳ ಬಳಿಕ ಕಾಣಿಸುವುದುಂಟು. ಅದಕ್ಕಾಗಿಯೇ ಬಸಿರು ಐದಾರು ತಿಂಗಳು ದಾಟಿದವರನ್ನು ಕನಿಷ್ಠ 4 ಗಂಟೆ ಕೂಸಿನ ಎದೆಬಡಿತ ಗಮನಿಸುತ್ತ ಇರಿಸಿಕೊಳ್ಳುವ ಕ್ರಮ ವೈದ್ಯರಲ್ಲಿದೆ. ಹೊಟ್ಟೆನೋವು, ರಕ್ತಸ್ರಾವ, ನೀರು ಹೋಗುವುದು, ಹೊಟ್ಟೆ ಬಿಗಿಯುವುದು, ಕೂಸಿನ ಮಿಸುಕಾಟ ಕಡಿಮೆಯಾಗುವುದು, ಇವುಗಳಲ್ಲಿ ಒಂದು ಕಂಡರೂ ತಡಮಾಡದೆ 108ಕ್ಕೆ ಕರೆ ಮಾಡಬೇಕು. ತಾಯಿಯ ರಕ್ತ ಆರ್‌ಎಚ್ ನೆಗೆಟಿವ್ ಆಗಿದ್ದರೆ ವೈದ್ಯರಿಗೆ ಮರೆಯದೆ ತಿಳಿಸಬೇಕು. ಅಗತ್ಯವಿದ್ದಲ್ಲಿ 72 ಗಂಟೆಯೊಳಗೆ ಕೊಡುವ ಚುಚ್ಚುಮದ್ದು ಮುಂದಿನ ಬಸಿರುಗಳನ್ನೂ ಕಾಯುತ್ತದೆ. ಹೀಗಾಗಿ ತಾಯಿ ಕಾರ್ಡು ಪ್ರಯಾಣದಲ್ಲಿ ಸದಾ ಜೊತೆಗಿರಲಿ.

ಕುಬುಸ ಮುಗಿಸಿ ಮಗಳನ್ನು ತವರಿಗೆ ಕರೆದೊಯ್ಯುವಾಗ ಉಡಿ ತುಂಬಿ ಹರಸುವ ತಾಯಂದಿರು, ಅತ್ತೆಯರು ಕಾರಿನ ಬಾಗಿಲು ಮುಚ್ಚುವ ಮುನ್ನ ಕೆಳಪಟ್ಟಿಯನ್ನು ಹೊಟ್ಟೆಯ ಅಡಿಗೆ ಸರಿಸಿ ಕೊಂಡಿ ಹಾಕಿಸಲಿ. ಹಿರಿಯರೇ ಹೇಳಿದ ಮಾತನ್ನು ನಮ್ಮ ಹೆಣ್ಣುಮಕ್ಕಳು ಮೀರುವುದಿಲ್ಲ. ಬಿಚ್ಚೆಂದು ಹೇಳುತ್ತಿದ್ದ ಬಾಯಿಯೇ ಹಾಕಿಕೋ ಎಂದು ಹೇಳಲಿ ಎಂಬುದಷ್ಟೇ ನಮ್ಮ ಕೋರಿಕೆ.